ಮುದ್ದು ಮುಖದ ಗೇಮ್‌ಗಳನ್ನು ನಂಬಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವವರಿಗೆ

ನಾಲ್ಕೈದು ವರ್ಷದ ಮಗುವಿನ ಜೊತೆ ಆಡಲು ‘ಓರಿ ಅಂಡ್ ದ ಬ್ಲೈಂಡ್ ಫಾರೆಸ್ಟ್’ ಹಾಕಬೇಡಿ. 2015ರಲ್ಲಿ ಬಂದ ಈ ಗೇಮ್ ನೋಡಿದವರಿಗೆಲ್ಲ ಮೊದಲು ಹೊಳೆಯುವುದೇ ‘ಮಗುವಿಗೆ ತೋರಿಸಬೇಕು’ ಅಂತ. ನೀಲಿ ಬೆಳಕಿನ ಕಾಡು, ಬೆಳ್ಳಗೆ ಮಿನುಗುವ ಪುಟಾಣಿ ಜೀವಿ, ಹಿತವಾದ ಸಂಗೀತ. ಗೇಮ್‌ಗಳಿಗೆ ವಯಸ್ಸಿನ ರೇಟಿಂಗ್ ಕೊಡುವ ಅಮೆರಿಕದ ಇಎಸ್‌ಆರ್‌ಬಿ ಇದಕ್ಕೆ ‘ಎಲ್ಲರಿಗೂ’ ಅಂತ ಮುದ್ರೆ ಒತ್ತಿದೆ, ಅದೇ ಕೆಲಸದ ಯುರೋಪಿನ ಸಂಸ್ಥೆ ಪೆಗಿ ‘7 ವರ್ಷದ ಮೇಲಿನವರಿಗೆ’ ಅಂದಿದೆ. ಇಷ್ಟು ಸಾಕಲ್ಲ ಎಂದು ಆಟ ಶುರು ಮಾಡುತ್ತಾರೆ.

ಬಿರುಗಾಳಿಯ ರಾತ್ರಿ ದೊಡ್ಡ ಮರದಿಂದ ಕಳಚಿ ಬಿದ್ದ ಓರಿಯನ್ನು ನಾರು ಎಂಬ ಕರಡಿಯಂಥ ಜೀವಿ ಎತ್ತಿಕೊಂಡು ಹೋಗಿ ಸಾಕುತ್ತದೆ. ಇಬ್ಬರೂ ಸೇರಿ ಹಣ್ಣು ಕೂಡಿಡುತ್ತಾರೆ, ಸೇತುವೆ ಕಟ್ಟುತ್ತಾರೆ. ಆಮೇಲೆ ಕಾಡು ಒಣಗುತ್ತದೆ, ಹಣ್ಣು ಮುಗಿಯುತ್ತದೆ. ತಾನು ಉಪವಾಸವಿದ್ದು ಉಳಿದದ್ದನ್ನು ನಾರು ಓರಿಗೆ ಕೊಡುತ್ತದೆ. ಓರಿ ಹೊರಗೆಲ್ಲ ಅಲೆದು ಹಣ್ಣು ಹೊತ್ತು ತರುವಷ್ಟರಲ್ಲಿ ನಾರು ಸತ್ತಿರುತ್ತದೆ. ಇಷ್ಟೂ ಮೊದಲ ಹತ್ತು–ಹದಿನೈದು ನಿಮಿಷದೊಳಗೆ. ಸಿನಿಮಾದಲ್ಲಾದರೆ ಮಗು ಬರೀ ನೋಡುತ್ತದೆ. ಇಲ್ಲಿ ಓರಿಯನ್ನು ಮನೆಯತ್ತ ನಡೆಸುವ ಕಂಟ್ರೋಲರ್ ಮಗುವಿನ ಕೈಯಲ್ಲೇ ಇರುತ್ತದೆ. ‘ನಾನು ಹಣ್ಣು ತಂದೆನಲ್ಲ, ಯಾಕೆ ಏಳ್ತಿಲ್ಲ?’ ಎಂಬ ಪ್ರಶ್ನೆ ಬರುವುದು ಅದಕ್ಕೇ. ಅಮ್ಮ ಸತ್ತಿದ್ದು ತಾನು ತಡಮಾಡಿದ್ದರಿಂದ ಎಂದು ಐದು ವರ್ಷದ ಮಗು ಅಂದುಕೊಂಡರೆ ಅದರ ತಪ್ಪೇನೂ ಇಲ್ಲ.

ಕೊನೆಯಲ್ಲಿ ನಾರುವಿಗೆ ಜೀವ ಬರುತ್ತದೆ, ನಿಜ. ಅಲ್ಲಿಗೆ ಮುಟ್ಟಲು ಹಲವು ಗಂಟೆ ಆಡಬೇಕು. ನಡುವೆ ಗಿನ್ಸೋ ಮರದೊಳಗೆ ಕೆಳಗಿನಿಂದ ನೀರು ಉಕ್ಕುತ್ತಾ ಅಟ್ಟಿಸಿಕೊಂಡು ಬರುವ ಒಂದು ಘಟ್ಟವಿದೆ. ಅಲ್ಲಿ ನಡುವೆ ಸೇವ್ ಮಾಡುವಂತಿಲ್ಲ, ತಪ್ಪಿದರೆ ಮತ್ತೆ ಮೊದಲಿನಿಂದ. ಪಳಗಿದ ದೊಡ್ಡವರೇ ಅಲ್ಲಿ ಹತ್ತಾರು ಸಲ ಸಾಯುತ್ತಾರೆ. ಓರಿ ಒಡೆದು ಚೂರಾಗುವುದನ್ನು ಮಗು ಅಷ್ಟೂ ಸಲ ನೋಡುತ್ತದೆ. 2016ರ ‘ಡೆಫಿನಿಟಿವ್ ಎಡಿಷನ್’ನಲ್ಲಿ ಸುಲಭದ ಹಂತವನ್ನು ಸೇರಿಸಿದ್ದಾರೆ, ಆದರೂ ಆ ಓಟ ತಪ್ಪುವುದಿಲ್ಲ. ಆಡಲೇಬೇಕೆಂದಿದ್ದರೆ ಆರಂಭದ ಭಾಗವನ್ನು ನೀವೊಬ್ಬರೇ ಆಡಿ ದಾಟಿ, ಬೇರೆ ಸ್ಲಾಟ್‌ನಲ್ಲಿ ಸೇವ್ ಇಟ್ಟು, ಮಗುವನ್ನು ಅಲ್ಲಿಂದ ಕೂರಿಸಿಕೊಳ್ಳಿ.

ರೇಟಿಂಗ್ ಕೊಟ್ಟವರು ಸುಳ್ಳು ಹೇಳಿದ್ದಾರೆ ಅಂತಲ್ಲ. ಅವರು ನೋಡುವುದು ಹೊಡೆದಾಟ, ರಕ್ತ, ಬೈಗುಳ, ಲೈಂಗಿಕತೆ, ಜೂಜು, ಮಾದಕ ವಸ್ತು, ಹೆದರಿಸುವ ದೃಶ್ಯ ಇಂಥವನ್ನು. ಅಮ್ಮ ಸಾಯುವುದು, ಅಪ್ಪ ಅಮ್ಮ ಬೇರೆಯಾಗುವುದು, ತಮ್ಮ ಕಳೆದುಹೋಗುವುದು ಇವಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಖಾನೆಯೇ ಇಲ್ಲ. ಗೇಮ್ ಎಷ್ಟು ಕಷ್ಟ ಎಂಬುದನ್ನೂ ಪೆಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಫೋನಿನ ಪ್ಲೇ ಸ್ಟೋರ್‌ನಲ್ಲಿ ಕಾಣುವ 3+, 7+, 12+ಗಳಂತೂ ಗೇಮ್ ಮಾಡಿದವರೇ ತುಂಬಿದ ಪ್ರಶ್ನಾವಳಿಯಿಂದ ಬಂದವು.

ಎರಡನೆಯ ದೊಡ್ಡ ಗುಂಡಿ ‘ಇಟ್ ಟೇಕ್ಸ್ ಟೂ’. 2021ರಲ್ಲಿ ಗೇಮ್ ಅವಾರ್ಡ್ಸ್‌ನ ವರ್ಷದ ಗೇಮ್ ಪ್ರಶಸ್ತಿ ಪಡೆದದ್ದು. ಇಬ್ಬರಿಲ್ಲದೆ ಆಡಲು ಬರುವುದೇ ಇಲ್ಲವಾದ್ದರಿಂದ ‘ಮಗುವಿನ ಜೊತೆ ಆಡಲು ಯಾವುದಿದೆ?’ ಎಂದು ಕೇಳಿದವರಿಗೆಲ್ಲ ಇದನ್ನೇ ಶಿಫಾರಸು ಮಾಡುತ್ತಾರೆ. ಇದರ ರೇಟಿಂಗ್ ‘ಟೀನ್’, ಅಂದರೆ 13ರ ಮೇಲಿನವರಿಗೆ. ಗೊಂಬೆಗಳ ಮುಖ ನೋಡಿದವರು ಅದನ್ನು ಓದುವುದಿಲ್ಲ. ಕಥೆಯಲ್ಲಿ ಡಿವೋರ್ಸ್‌ಗೆ ಹೊರಟ ಅಪ್ಪ ಅಮ್ಮ ಗೊಂಬೆಗಳಾಗಿಬಿಡುತ್ತಾರೆ. ಮಗಳು ರೋಸಳ ಕಣ್ಣೀರು ಬಿದ್ದರೆ ಮತ್ತೆ ಮನುಷ್ಯರಾಗಬಹುದೆಂದು, ಅವಳನ್ನು ಅಳಿಸಲು ಅವಳ ನೆಚ್ಚಿನ ಆನೆಗೊಂಬೆ ಕ್ಯೂಟಿಯನ್ನು ಕೊಲ್ಲಲು ಹೊರಡುತ್ತಾರೆ. ಮೂರನೆಯ ಅಧ್ಯಾಯದ ಕೊನೆಯಲ್ಲಿ ಆ ಆನೆ ‘ಬೇಡ, ನಾವು ಸ್ನೇಹಿತರಲ್ವಾ’ ಎಂಬ ಧಾಟಿಯಲ್ಲಿ ಅಂಗಲಾಚುತ್ತಿರುತ್ತದೆ, ಅದನ್ನು ಅಂಚಿನವರೆಗೆ ಎಳೆದು ಕೆಡವಬೇಕು. ಗೊಂಬೆ ಹರಿಯುತ್ತದೆ. ಎಳೆಯುವ ಬಟನ್ ಇಬ್ಬರೂ ಒತ್ತಲೇಬೇಕು, ಒತ್ತದಿದ್ದರೆ ಆಟ ಮುಂದೆ ಹೋಗದು. ದೊಡ್ಡವರಿಗೆ ಇದು ಕರಾಳ ಹಾಸ್ಯ. ರಾತ್ರಿ ಗೊಂಬೆ ತಬ್ಬಿಕೊಂಡು ಮಲಗುವ ವಯಸ್ಸಿನವರಿಗೆ ಅದರಲ್ಲಿ ಹಾಸ್ಯ ಎಲ್ಲಿಂದ ಬರಬೇಕು?

ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಹಣ ವಾಪಸ್ ಪಡೆಯಲು ಕೊಂಡು 14 ದಿನದೊಳಗಿರಬೇಕು, ಆಡಿದ್ದು ಎರಡು ಗಂಟೆಯೊಳಗಿರಬೇಕು. ಕ್ಯೂಟಿಯ ಸೀನ್ ಬರುವ ಹೊತ್ತಿಗೆ ಎರಡು ಗಂಟೆ ಎಂದೋ ದಾಟಿರುತ್ತದೆ.

‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ (2013) ಇನ್ನೊಂದು ರೀತಿಯಲ್ಲಿ ಮೋಸ ಮಾಡುತ್ತದೆ. ಪಾತ್ರಗಳು ಆಡುವುದು ಯಾರಿಗೂ ಅರ್ಥವಾಗದ ಕಲ್ಪಿತ ಭಾಷೆ, ಓದಬೇಕಾದ ಇಂಗ್ಲಿಷ್ ಇಲ್ಲ. ಹಾಸಿಗೆ ಹಿಡಿದ ಅಪ್ಪನಿಗೆ ಜೀವಜಲ ತರಲು ಅಣ್ಣ ತಮ್ಮ ಹೊರಡುತ್ತಾರೆ. ಥೇಟ್ ಅಜ್ಜಿಕಥೆ. ಆದರೆ ದಾರಿಯಲ್ಲಿ ನೇಣಿಗೆ ಕೊರಳೊಡ್ಡಿದವನೊಬ್ಬ ಸಿಗುತ್ತಾನೆ, ದೈತ್ಯರ ಹೆಣಗಳ ನಡುವೆ ನಡೆಯಬೇಕಾಗುತ್ತದೆ, ಕೊನೆಗೆ ಅಣ್ಣ ಸಾಯುತ್ತಾನೆ, ಅವನನ್ನು ತಮ್ಮನ ಕೈಯಿಂದ ನಾವೇ ಹೂಳಬೇಕು. ಇದೂ ‘ಟೀನ್’. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರ ‘ರಾಜಿ’ (2020) ನಮ್ಮದೇ ಪುರಾಣದ ಲೋಕ, ಕಥೆ ಹೇಳುವ ಭಾಗಗಳು ತೊಗಲುಬೊಂಬೆಯಾಟದ ಹಾಗಿವೆ. ಅದನ್ನು ನೋಡಿ ಮಕ್ಕಳ ಗೇಮ್ ಅಂದುಕೊಳ್ಳಬೇಡಿ. ಶುರುವಿನಲ್ಲೇ ರಾಕ್ಷಸರು ತಮ್ಮನನ್ನು ಹೊತ್ತೊಯ್ಯುತ್ತಾರೆ, ಅಲ್ಲಿಂದ ಮುಂದೆ ಬಹುಪಾಲು ಕಾದಾಟ. ಸ್ಟೀಮ್‌ನಲ್ಲಿ ಪುಕ್ಕಟೆ ಸಿಗುವ ‘ಡೋಕಿ ಡೋಕಿ ಲಿಟರೇಚರ್ ಕ್ಲಬ್’ನ ಗುಲಾಬಿ ಬಣ್ಣದ ಹಿಂದೆ ಆತ್ಮಹತ್ಯೆ ಇದೆ. ಮಕ್ಕಳಿಗಲ್ಲ ಎಂದು ಗೇಮೇ ಮೊದಲ ಪರದೆಯಲ್ಲಿ ಹೇಳುತ್ತದೆ, ಹೇಳಿದ್ದನ್ನು ನಂಬಿ.

ಪರೀಕ್ಷೆ ಮಾಡಲು ಒಂದು ಸಂಜೆ ಸಾಕು. ಯೂಟ್ಯೂಬ್‌ನಲ್ಲಿ ಗೇಮಿನ ಹೆಸರಿನ ಜೊತೆ ‘ಲಾಂಗ್‌ಪ್ಲೇ’ ಎಂದು ಹಾಕಿ ಹುಡುಕಿದರೆ ಯಾರೂ ನಡುವೆ ಮಾತಾಡದ ಪೂರ್ತಿ ಆಟ ಸಿಗುತ್ತದೆ. ಮೊದಲ ಅರ್ಧ ಗಂಟೆ ಬಿಡದೆ ನೋಡಿ. ಕೊನೆಯ ಇಪ್ಪತ್ತು ನಿಮಿಷವನ್ನೂ ಹಾಗೆಯೇ. ನಡುವಿನದನ್ನು ಓಡಿಸಿಕೊಂಡು ಹೋಗುತ್ತಾ, ಪರದೆ ಕತ್ತಲಾದ ಕಡೆ, ಆಡುವುದು ನಿಂತು ಕಥೆ ಶುರುವಾದ ಕಡೆ ಮಾತ್ರ ನಿಲ್ಲಿಸಿ. ‘ಸಸ್ಪೆನ್ಸ್ ಹಾಳಾಗುತ್ತೆ’ ಎಂಬ ಚಿಂತೆಯನ್ನು ಬಿಟ್ಟುಬಿಡಿ, ಅದು ನೀವೊಬ್ಬರೇ ಆಡುವ ಗೇಮಿಗೆ ಇರಲಿ. ‘ಡಸ್ ದ ಡಾಗ್ ಡೈ’ ಎಂಬ ತಾಣದಲ್ಲಿ ಅಪ್ಪ ಅಮ್ಮ ಸಾಯುತ್ತಾರಾ, ಪ್ರಾಣಿ ಸಾಯುತ್ತದಾ ಎಂಬಂಥ ಪ್ರಶ್ನೆಗಳಿಗೆ ಜನರೇ ಹೌದು–ಇಲ್ಲ ಹಾಕಿರುತ್ತಾರೆ, ಸಿನಿಮಾಗಳ ಜೊತೆ ಗೇಮ್‌ಗಳಿಗೂ. ನಿಮ್ಮ ಮಗುವಿನ ಸಂಗತಿ ನಿಮಗೇ ಗೊತ್ತು: ಮೊನ್ನೆ ಅಜ್ಜ ತೀರಿಕೊಂಡ ಮನೆಯಲ್ಲಿ ನೋಡಬೇಕಾದದ್ದು ಒಂದು, ನಾಯಿ ಕಂಡರೆ ನಡುಗುವ ಮಗುವಿಗೆ ನೋಡಬೇಕಾದದ್ದು ಇನ್ನೊಂದು.

ಆಮೇಲೆ ಭಾಷೆ. ಕನ್ನಡದಲ್ಲಿ ಮಾತಾಡುವ ಕಥೆಯ ಗೇಮ್ ಸಿಗುವುದು ಅಪರೂಪ, ಹಾಗಾಗಿ ಹೇಳುವ ಕೆಲಸ ನಿಮ್ಮ ತಲೆಗೇ. ಲಾಂಗ್‌ಪ್ಲೇ ನೋಡುವಾಗಲೇ ಇದನ್ನು ಗಮನಿಸಿ: ಮಾತಿನ ಚೌಕ ಬಟನ್ ಒತ್ತುವ ತನಕ ಕಾಯುತ್ತದೋ, ತಾನಾಗಿ ಓಡಿಹೋಗುತ್ತದೋ? ಓಡಿಹೋಗುವುದಾದರೆ ನೀವು ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮೂರು ದಾಟಿರುತ್ತವೆ, ಮಗು ಅಂಗಿ ಜಗ್ಗಲು ಶುರುಮಾಡುತ್ತದೆ.

‘ಎ ಶಾರ್ಟ್ ಹೈಕ್’ (2019) ಈ ವಿಷಯದಲ್ಲಿ ಪಾಸು. ಮಾತು ಕಾಯುತ್ತದೆ, ಕೇಳುವ ದನಿ ಇಲ್ಲದ್ದರಿಂದ ಒಂದೊಂದು ಪಾತ್ರಕ್ಕೆ ಒಂದೊಂದು ದನಿ ನೀವೇ ಕೊಡಬಹುದು, ಒಟ್ಟು ಎರಡು ಗಂಟೆಯಲ್ಲಿ ಮುಗಿಯುತ್ತದೆ. ಫೋನಿಗೆ ಸಿಗ್ನಲ್ ಹುಡುಕುತ್ತಾ ಕ್ಲೇರ್ ಎಂಬ ಹಕ್ಕಿ ಬೆಟ್ಟ ಹತ್ತುವ ಕಥೆ. ತುದಿ ಮುಟ್ಟಿದಾಗ ಬರುವುದು ಅಮ್ಮನ ಕರೆ, ಆಗಷ್ಟೇ ಆಪರೇಷನ್ ಮುಗಿದಿದೆ, ಆರಾಮಾಗಿದ್ದಾಳೆ. ಮನೆಯಲ್ಲಿ ಯಾರಾದರೂ ಆಸ್ಪತ್ರೆಯಲ್ಲಿದ್ದರೆ ಆ ಕರೆಗೆ ಮೊದಲೇ ಸಿದ್ಧರಾಗಿರಿ. ‘ಆಲ್ಬಾ’ (2020) ಇನ್ನೂ ನಿರಾಳ: ಮೆಡಿಟರೇನಿಯನ್ ದ್ವೀಪವೊಂದರಲ್ಲಿ ಹಕ್ಕಿಗಳ ಫೋಟೋ ತೆಗೆದು, ಅಭಯಾರಣ್ಯ ಉಳಿಸಲು ಊರಿನವರಿಂದ 50 ಸಹಿ ಸಂಗ್ರಹಿಸಬೇಕು. ಸೋಲುವುದೆಂಬುದೇ ಇಲ್ಲ. ಓದುವುದೇ ಬೇಡವೆಂದರೆ ‘ಲಾಸ್ಟ್ ಇನ್ ಪ್ಲೇ’ (2022), ಒಡಹುಟ್ಟಿದ ಹುಡುಗ–ಹುಡುಗಿಯ ಆಟದ ಲೋಕ, ಎಲ್ಲರೂ ಗಿಜಿಬಿಜಿ ಭಾಷೆಯಲ್ಲೇ ಮಾತಾಡುತ್ತಾರೆ. ಚೆಕ್ ದೇಶದ ಅಮಾನಿತಾ ಡಿಸೈನ್‌ನವರ ‘ಬೊಟಾನಿಕುಲಾ’ (2012) ಕೂಡ ಮಾತಿಲ್ಲದ್ದು, ತುಂಬಾ ತಮಾಷೆಯದು, ಆದರೆ ಮರದ ಸತ್ವ ಹೀರುವ ಕಪ್ಪು ಜೇಡಗಳಿವೆ. ಈ ಎರಡೂ ಫೋನಿಗೂ ಸಿಗುತ್ತವೆ, ಬೆರಳಲ್ಲಿ ಮುಟ್ಟಿದರೆ ಸಾಕು.

ಕೈಯ ವಿಚಾರ ಚಿಕ್ಕದಾಗಿ: ಕಂಟ್ರೋಲರ್‌ನ ಎಡಗೋಲಿನಿಂದ ನಡೆಸಿ ಬಲಗೋಲಿನಿಂದ ಕ್ಯಾಮೆರಾ ತಿರುಗಿಸುವ ಗೇಮ್‌ಗಳಲ್ಲಿ ಪುಟ್ಟ ಮಕ್ಕಳು ಆಕಾಶವನ್ನೋ ನೆಲವನ್ನೋ ನೋಡುತ್ತಾ ನಿಂತುಬಿಡುತ್ತಾರೆ. ಎಕ್ಸ್‌ಬಾಕ್ಸ್‌ನಲ್ಲಿ ಎರಡು ಕಂಟ್ರೋಲರ್ ಸೇರಿ ಒಂದೇ ಪಾತ್ರ ಆಡಿಸುವ ಸೌಲಭ್ಯವಿದೆ. ನಡೆಯುವುದು ನಿಮ್ಮದು, ಜಿಗಿಯುವುದು ಮಗುವಿನದು.

ಫೋನಿನಲ್ಲಿ ಪುಕ್ಕಟೆ ಸಿಗುವ, ‘ನಿನ್ನ ಕಥೆ ನೀನೇ ಆರಿಸು’ ಎನ್ನುವ ಆ್ಯಪ್‌ಗಳಿಂದ ದೂರ ಇರಿ. ಬಹಳಷ್ಟರಲ್ಲಿ ಒಳ್ಳೆಯ ಉತ್ತರಕ್ಕೆ ಆ್ಯಪ್‌ನೊಳಗಿನ ‘ವಜ್ರ’ ಕೇಳುತ್ತಾರೆ, ವಜ್ರಕ್ಕೆ ದುಡ್ಡು ಅಥವಾ ಜಾಹೀರಾತು. ಹಸಿದ ನಾಯಿಮರಿಗೆ ಊಟ ಹಾಕಲು ದುಡ್ಡು ಕೊಡಬೇಕೆಂದರೆ ಮಗು ಅತ್ತೇ ಅಳುತ್ತದೆ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿಡಿ.

ಕೆಟ್ಟ ಸೀನ್ ಆಗಲೇ ಬಂದುಬಿಟ್ಟಿದ್ದರೆ ತಟ್ಟನೆ ಟಿವಿ ಆರಿಸಬೇಡಿ, ಹಾಗೆ ಮಾಡಿದರೆ ಮಗುವಿನ ತಲೆಯಲ್ಲಿ ಕಥೆ ಅಲ್ಲೇ ನಿಂತಿರುತ್ತದೆ. ಪಾಜ್ ಒತ್ತಿ. ಎಷ್ಟೋ ಗೇಮ್‌ಗಳಲ್ಲಿ ಕಥೆಯ ಸೀನ್ ನಡೆಯುವಾಗ ಪಾಜ್ ಆಗದು, ಆಗ ಕನ್ಸೋಲ್‌ನ ಹೋಮ್ ಬಟನ್ ಒತ್ತಿ. ಆದದ್ದು ಏನೆಂದು ಇದ್ದದ್ದು ಇದ್ದ ಹಾಗೆ ಎರಡು ಮಾತಲ್ಲಿ ಹೇಳಿ, ‘ನೀನು ಮಾಡಿದ್ದಲ್ಲ, ಕಥೆ ಬರೆದವರು ಹೀಗೆ ಬರೆದಿದ್ದಾರೆ’ ಎಂಬುದನ್ನು ಬಿಡಿಸಿ ಹೇಳಿ. ಕೊನೆಯಲ್ಲಿ ಸರಿಹೋಗುವ ಕಥೆಯಾಗಿದ್ದರೆ ಆ ಕೊನೆಯ ಐದು ನಿಮಿಷದ ವಿಡಿಯೋ ಈಗಲೇ ಹಾಕಿ ತೋರಿಸಿ. ಸರಿಹೋಗುವುದಿಲ್ಲವೆಂದರೆ ಸುಳ್ಳು ಹೇಳಬೇಡಿ, ‘ಇದು ನಮಗೆ ಬೇಡ’ ಎಂದು ಮಗುವಿನ ಎದುರೇ ಗೇಮ್ ಡಿಲೀಟ್ ಮಾಡಿ. ಡಿಲೀಟ್ ಬಟನ್ ಅದರ ಕೈಯಿಂದಲೇ ಒತ್ತಿಸಿ.