ಮೂರು ವರ್ಷ ಬಳಸಿದ ಬೆಲ್ಟ್ ಗ್ರೈಂಡರ್: ತಪ್ಪು ನನ್ನ ಕೈಯದ್ದಲ್ಲ, ಪ್ಲೇಟನ್‌ದು

ಈ 2×72 ಇಂಚಿನ ಬೆಲ್ಟ್ ಗ್ರೈಂಡರ್ (2 ಇಂಚು ಅಗಲ, 72 ಇಂಚು ಸುತ್ತಳತೆಯ ಒರಟು ಬೆಲ್ಟ್ ಓಡಿಸಿ ಉಕ್ಕು ಸವೆಸುವ ಮೆಷಿನ್) ನನ್ನ ಶೆಡ್‌ಗೆ ಬಂದು ಮೂರು ವರ್ಷವಾಯಿತು. ಇದರ ಮೇಲೆ 50ಕ್ಕೂ ಹೆಚ್ಚು ಚಾಕು ಮಾಡಿದ್ದೇನೆ. ಮೋಟರ್ ಎಷ್ಟು ಹಾರ್ಸ್‌ಪವರ್, ಚಕ್ರ ಎಷ್ಟು ದೊಡ್ಡದು ಅನ್ನುವುದೆಲ್ಲ ನೀವು ಆಗಲೇ ನೋಡಿರುತ್ತೀರಿ. ನಾನು ಬರೆಯಲು ಕೂತಿದ್ದು ಒಂದೇ ಒಂದು ಭಾಗದ ಬಗ್ಗೆ. ಬೆಲ್ಟ್‌ನ ಹಿಂದೆ ನಿಲ್ಲುವ ಆ ಚಪ್ಪಟೆ ಉಕ್ಕಿನ ಪಟ್ಟಿ, ಪ್ಲೇಟನ್. ಅದು ನನ್ನ ಒಂದಿಡೀ ವರ್ಷ ತಿಂದಿತು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಇದು ಬರುವ ಮುಂಚೆ ಎರಡು ವರ್ಷ ನಾನು ಬರೀ ಅರದಿಂದ ಕೆಲಸ ಮಾಡುತ್ತಿದ್ದೆ. ಒಂದು ಅಲಗಿನ ಎರಡೂ ಬದಿಯ ಬೆವೆಲ್, ಅಂದರೆ ಬೆನ್ನಿನಿಂದ ಬಾಯಿಗೆ ತೆಳುವಾಗುತ್ತ ಹೋಗುವ ಇಳಿಜಾರು, ಇಳಿಸಲು ಎರಡು ಮೂರು ಸಂಜೆ ಬೇಕಾಗುತ್ತಿತ್ತು. ಗ್ರೈಂಡರ್ ಮೇಲೆ ತುಂಬಾ ಒರಟಾದ 36 ಗ್ರಿಟ್‌ನ ಹೊಸ ಸೆರಾಮಿಕ್ ಬೆಲ್ಟ್ ಹಾಕಿದರೆ ಅದೇ ಕೆಲಸ ಅರ್ಧ ಗಂಟೆಯದ್ದು. ಪೂರ್ತಿ ವೇಗದಲ್ಲಿ ಬೆಲ್ಟ್ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ, ಉಕ್ಕು ಬೆಣ್ಣೆಯ ಹಾಗೆ ಇಳಿಯುತ್ತದೆ. ಹಾಗಂತ ಮೊದಲ ಚಾಕುವಿಗೇ ಇದು ಬೇಕು ಅಂತ ಯಾರೂ ಅಂದುಕೊಳ್ಳಬೇಡಿ. ಒಂದು ಒಳ್ಳೆಯ ಅರ, ಗಟ್ಟಿಯಾಗಿ ಹಿಡಿಯುವ ವೈಸ್, ತಾಳ್ಮೆ ಇದ್ದರೆ ಮೊದಲ ಐದಾರು ಚಾಕು ಧಾರಾಳವಾಗಿ ಆಗುತ್ತವೆ. ಉಕ್ಕಿನ ಮೇಲೆ ಕೈ ಎಷ್ಟು ಒತ್ತಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಅರವೇ.

ಕೆಲಸ ಶುರುವಾಗುವ ಮುಂಚಿನ ಹತ್ತು ನಿಮಿಷ ನನಗೆ ತುಂಬಾ ಇಷ್ಟ. ಅಲಗಿನ ಬಾಯಿಗೆ ಮಾರ್ಕರ್‌ನ ನೀಲಿ ಶಾಯಿ ಬಳಿಯುತ್ತೇನೆ. ಅಲಗಿನ ಉಕ್ಕು 3 ಮಿ.ಮೀ. ದಪ್ಪ ಇದ್ದರೆ 3 ಮಿ.ಮೀ. ಡ್ರಿಲ್ ಬಿಟ್ ತೆಗೆದುಕೊಂಡು, ಎರಡನ್ನೂ ಒಂದು ಮಟ್ಟವಾದ ಗಾಜಿನ ಮೇಲೆ ಮಲಗಿಸಿ, ಬಿಟ್‌ನ ಮೊನೆಯಿಂದ ಬಾಯಿಯುದ್ದಕ್ಕೂ ಗೀಚುತ್ತೇನೆ. ಮೊನೆ ಬಿಟ್‌ನ ಸರಿ ನಡುವೆ ಇರುತ್ತದಲ್ವಾ, ಗೆರೆಯೂ ದಪ್ಪದ ಸರಿ ನಡುವೆ ಬೀಳುತ್ತದೆ. ಅಲಗನ್ನು ತಿರುಗಿಸಿ ಇನ್ನೊಮ್ಮೆ ಗೀಚಿದರೆ, ಎಲ್ಲಾದರೂ ಕೂದಲೆಳೆ ವ್ಯತ್ಯಾಸ ಇದ್ದರೆ ಎರಡು ಗೆರೆ ಕಾಣುತ್ತವೆ. ಆ ಗೆರೆಗಳನ್ನು ನಡುವೆ ಇಟ್ಟುಕೊಂಡೇ ಎರಡೂ ಕಡೆಯಿಂದ ಸಮವಾಗಿ ಇಳಿಸುವುದು. ಹದ ಹಾಕುವ (ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡುವ) ಮುಂಚೆ ಬಾಯಿಯಲ್ಲಿ ಸುಮಾರು 0.8 ಮಿ.ಮೀ. ಬಿಡುತ್ತೇನೆ. ತೀರಾ ತೆಳುವಾದರೆ ಎಣ್ಣೆಗೆ ಅದ್ದಿದಾಗ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಬಿರುಕೂ ಬಿಡುತ್ತದೆ.

ಇಷ್ಟೆಲ್ಲ ಜೋಪಾನ ಮಾಡಿದರೂ ಎರಡನೇ ವರ್ಷದಿಂದ ಬೆವೆಲ್‌ಗಳು ಸರಿ ಬರುತ್ತಿರಲಿಲ್ಲ. ಬೆಲ್ಟ್‌ನಿಂದ ಇಳಿಸಿದ ಮೇಲೆ ಕಣ್ಣಿಗೆ ಚೆನ್ನಾಗೇ ಕಾಣುತ್ತಿತ್ತು. ಗಟ್ಟಿ ಕಬ್ಬಿಣದ ತುಂಡಿಗೆ 220ರ ಎಮರಿ ಪೇಪರ್ ಸುತ್ತಿ ಕೈಯಲ್ಲಿ ಉಜ್ಜಲು ಕೂತಾಗ ಬಂಡವಾಳ ಗೊತ್ತಾಗುತ್ತಿತ್ತು. ಬೆವೆಲ್‌ನ ನಡುಭಾಗ ಮಾತ್ರ ಹೊಳೆಯುತ್ತದೆ. ಬಾಯಿಯ ಹತ್ತಿರ, ಬೆನ್ನಿನ ಹತ್ತಿರ ಬೆಲ್ಟ್‌ನ ಗೀರುಗಳು ಹಾಗೇ ಕೂತಿರುತ್ತವೆ. ಅಂದರೆ ಬೆವೆಲ್ ಚಪ್ಪಟೆ ಇಲ್ಲ, ನಡುವೆ ಉಬ್ಬಿದೆ. ಉಬ್ಬಿದ ಬೆವೆಲ್ ಅಂದರೆ ರುಬ್ಬುವಾಗ ಕೈ ಮೇಲೆ ಕೆಳಗೆ ಆಡಿದೆ ಅಂತಲೇ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದೆ. ನಿಲ್ಲುವ ರೀತಿ ಬದಲಿಸಿದೆ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ರುಬ್ಬಿದೆ, ಕೋನ ಹಿಡಿಯುವ ಜಿಗ್ ಕಟ್ಟಿದೆ. ಉಬ್ಬು ಹೋಗಲಿಲ್ಲ. ಪ್ರತಿ ಚಾಕುವಿಗೂ ನಾಲ್ಕೈದು ಗಂಟೆ ಸುಮ್ನೆ ಉಜ್ಜುತ್ತಿದ್ದೆ. ಈ ಹವ್ಯಾಸ ನನಗೆ ಆಗಿಬರುವುದಿಲ್ಲವೇನೋ ಅನ್ನಿಸಿಬಿಟ್ಟಿತ್ತು.

ಒಂದು ರಾತ್ರಿ ಬೆಲ್ಟ್ ಬಿಚ್ಚಿ, ಪ್ಲೇಟನ್‌ಗೆ ಉಕ್ಕಿನ ಸ್ಕೇಲ್ ನೆಟ್ಟಗೆ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟೆ. ಸ್ಕೇಲ್‌ನ ಸಂದಿಯಲ್ಲಿ ಮೇಲಿಂದ ಕೆಳಗಿನವರೆಗೂ ಬೆಳಕಿನ ಗೆರೆ, ನಡುವೆ ದಪ್ಪ. ಸಂದು ಅಳೆಯುವ ತೆಳು ಉಕ್ಕಿನ ಎಸಳು, 0.25 ಮಿ.ಮೀ. ಫೀಲರ್ ಗೇಜ್, ಆರಾಮಾಗಿ ತೂರಿತು. ಮೆದು ಉಕ್ಕಿನ ಪ್ಲೇಟನ್ ಬೆಲ್ಟ್‌ನ ಬೆನ್ನು ಉಜ್ಜಿ ಉಜ್ಜಿ ಗುಳಿ ಬಿದ್ದಿತ್ತು. ಒತ್ತಿದಾಗ ಬೆಲ್ಟ್ ಆ ಗುಳಿಯೊಳಗೆ ಕೂರುತ್ತದೆ, ಗುಳಿಯ ಆಕಾರವೇ ಅಲಗಿನ ಮೇಲೆ ಉಬ್ಬಾಗಿ ಇಳಿಯುತ್ತದೆ. ಆ ಬೆಳಕಿನ ಗೆರೆ ನೋಡಿದಾಗ ಸಿಟ್ಟು ಬಂತು. ಮಾರಿದವರ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಪ್ಲೇಟನ್ ಸವೆಯುವ ಭಾಗ, ಆಗಾಗ ಪರೀಕ್ಷಿಸಿ ಅಂತ ಬರೆಯಲು ಎಷ್ಟು ಹೊತ್ತು ಬೇಕು?

ಪರಿಹಾರ ದೊಡ್ಡದೇನಲ್ಲ. ಒಲೆಗಳ ಮೇಲ್ಭಾಗಕ್ಕೆ ಬಳಸುವಂಥ ಸೆರಾಮಿಕ್ ಗಾಜಿನ 6 ಮಿ.ಮೀ. ಪಟ್ಟಿಯನ್ನು ಪ್ಲೇಟನ್ ಮೇಲೆ ಅಂಟಿಸಿದೆ. ಬಿಸಿಗೆ ಇದು ಹಿಗ್ಗುವುದು ಬಹಳ ಕಡಿಮೆ, ಮೆದು ಉಕ್ಕಿಗಿಂತ ಸವೆಯುವುದೂ ತುಂಬಾ ನಿಧಾನ. ಹಳೇ ಪ್ಲೇಟನ್ ಅನ್ನು ಮೊದಲು ಮಟ್ಟ ಮಾಡಿ, ಒರಟಾಗಿ ಗೀರಿ, ಎರಡು ಟ್ಯೂಬ್‌ನ ಎಪಾಕ್ಸಿ ಹಚ್ಚಿ ಒಂದು ದಿನ ಬಿಟ್ಟೆ. ಗಾಜಿನ ಕೆಳಗೆ ಒಂದು ಪುಟ್ಟ ಕಬ್ಬಿಣದ ಆಸರೆಯನ್ನು ಸ್ಕ್ರೂ ಹಾಕಿ ಕೂರಿಸಿದೆ. ರುಬ್ಬುವಾಗಿನ ಬಿಸಿಗೆ ಅಂಟು ಸಡಿಲವಾದರೂ ಗಾಜು ಜಾರಬಾರದು. ಗಾಜಿನ ದಪ್ಪ ಸೇರಿದ್ದರಿಂದ ಇಡೀ ಪ್ಲೇಟನ್ ಅನ್ನು ಅಷ್ಟೇ ಹಿಂದಕ್ಕೆ ಸರಿಸಬೇಕಾಯಿತು. ಮೇಲಿನ ಕೆಳಗಿನ ಚಕ್ರಗಳಿಗಿಂತ ಗಾಜು ಒಂಚೂರು ಮುಂದೆ ಇದ್ದರೆ ಸಾಕು.

ಆಮೇಲೆ ರುಬ್ಬಿದ ಮೊದಲ ಅಲಗು ಇನ್ನೂ ನೆನಪಿದೆ. ಎಮರಿ ಪೇಪರ್ ಹತ್ತು ಸಲ ಆಡಿಸುವಷ್ಟರಲ್ಲಿ ಬಾಯಿಯಿಂದ ಬೆನ್ನಿನವರೆಗೆ ಒಂದೇ ಸಮನಾದ ಹೊಳಪು. ಜಿಗ್ ಬಿಚ್ಚಿಟ್ಟೆ. ಕೈಗೆ ಏನೂ ಆಗಿರಲಿಲ್ಲ.

ಅಲ್ಲಿಂದ ಈ ಮೆಷಿನ್ ಮೇಲಿನ ಸಿಟ್ಟು ಇಳಿಯಿತು, ಇದರ ನಿಧಾನದ ಗುಣ ಕಾಣತೊಡಗಿತು. ಮೋಟರ್ ವೇಗ ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ವಿ.ಎಫ್.ಡಿ., ಬೇಡದ ಖರ್ಚು ಅಂದುಕೊಂಡಿದ್ದೆ, ಈಗ ದಿನವೂ ಬೇಕು. ಹದ ಹಾಕಿದ ಅಲಗನ್ನು ನಿಧಾನದಲ್ಲಿ, ಹೊಸ ಬೆಲ್ಟ್ ಮೇಲೆ, ಬರಿಗೈಯಲ್ಲಿ ಹಿಡಿದು ಇಳಿಸುತ್ತೇನೆ. ಒಮ್ಮೆ ಎಳೆದರೆ ಒಮ್ಮೆ ನೀರಿಗೆ. ನೀರಿನಿಂದ ತೆಗೆದ ಅಲಗಿನ ಮೇಲೆ ಹನಿಗಳು ನಿಂತಿರುತ್ತವೆ, ಕಣ್ಣು ಅವುಗಳ ಮೇಲೆ. ಬಾಯಿಯ ಹತ್ತಿರದ ಹನಿ ಆರಿಹೋಗಲು ಶುರುವಾದರೆ ಮತ್ತೆ ನೀರಿಗೆ. 200 ಡಿಗ್ರಿಯಲ್ಲಿ ಎರಡು ಗಂಟೆಯಂತೆ ಎರಡು ಸಲ ಟೆಂಪರ್ ಮಾಡಿದ (ಗಟ್ಟಿಯಾದ ಮೇಲೆ ಪೆಡಸುತನ ಇಳಿಸಲು ಮತ್ತೆ ಕಾಯಿಸಿದ) ಕಾರ್ಬನ್ ಉಕ್ಕಿನಲ್ಲಿ ನೀಲಿ ಬಣ್ಣ ಕಂಡಿತೋ, 300 ಡಿಗ್ರಿಯ ಹತ್ತಿರ ಹೋಗಿದೆ ಅಂತ ಅರ್ಥ. ಆ ಜಾಗದ ಹದ ಹೋಯಿತು. ಸವೆದ ಬೆಲ್ಟ್ ಕತ್ತರಿಸುವುದು ಬಿಟ್ಟು ಬರೀ ಉಜ್ಜುತ್ತದೆ, ಬಿಸಿ ಜಾಸ್ತಿ ಮಾಡುತ್ತದೆ. ಅದಕ್ಕೇ ನನ್ನ ದುಡ್ಡಿನ ದೊಡ್ಡ ಪಾಲು ಈಗ ಬೆಲ್ಟ್‌ಗೇ ಹೋಗುತ್ತದೆ.

ವಿ.ಎಫ್.ಡಿ. ಬಗ್ಗೆ ಒಂದು ಎಚ್ಚರಿಕೆ. ಧೂಳು ಹೋಗದಂತೆ ಮುಚ್ಚಿದ್ದನ್ನೇ ತೆಗೆದುಕೊಳ್ಳಿ. ಉಕ್ಕಿನ ಧೂಳಿನಲ್ಲಿ ಕರೆಂಟ್ ಹರಿಯುತ್ತದೆ, ಒಳಗೆ ಹೋದರೆ ಬೋರ್ಡ್ ಸುಡುತ್ತದೆ. ನನ್ನ ಮೊದಲನೆಯದು ಹಾಗೇ ಸುಟ್ಟಿತು. ಅದೇ ಧೂಳು ಎದೆಗೂ ಹೋಗುತ್ತದೆ, ಫಿಲ್ಟರ್ ಇರುವ ಮಾಸ್ಕ್ ಇಲ್ಲದೆ ಸ್ವಿಚ್ ಮುಟ್ಟಬೇಡಿ. ಹಿಡಿಯ ಮರ ಉಜ್ಜುವ ದಿನ ಹಿಂದಿನ ಉಕ್ಕಿನ ಧೂಳನ್ನೆಲ್ಲ ಗುಡಿಸಿ ತೆಗೆಯಿರಿ. ಮರದ ಹೊಟ್ಟಿಗೆ ಕಿಡಿ ಬಿದ್ದರೆ ಎಷ್ಟೋ ಹೊತ್ತು ಒಳಗೊಳಗೇ ಕನಲುತ್ತಿರುತ್ತದೆ.

ಇದೇ ಮೆಷಿನ್ ಮತ್ತೆ ಕೊಳ್ಳುತ್ತೀರಾ ಅಂದರೆ, ಕೊಳ್ಳುತ್ತೇನೆ. ಆದರೆ ಗಾಜಿನ ಪಟ್ಟಿಯನ್ನು ಅದೇ ದಿನ ತರುತ್ತೇನೆ. ಈಗಿನ ಗಾಜಿನ ಕೆಳಮೂಲೆಯಲ್ಲಿ ಕಡಲೆಕಾಳಿನಷ್ಟು ಚಕ್ಕೆ ಎದ್ದಿದೆ. ಬೆಲ್ಟ್ ಅಲ್ಲಿ ತಾಗುವುದಿಲ್ಲ, ಹಾಗಾಗಿ ಬಿಟ್ಟಿದ್ದೇನೆ. ತಿಂಗಳಿಗೊಮ್ಮೆ ಸ್ಕೇಲ್ ಇಟ್ಟು ಟಾರ್ಚ್ ಬಿಟ್ಟು ನೋಡುತ್ತೇನೆ. ಈವರೆಗೆ ಬೆಳಕು ಕಂಡಿಲ್ಲ.