ಎರಡು ನಾರುವ ಚೀಸ್‌ಗಳು, ಒಂದು ವಾರ

ಫ್ರಿಜ್ ಬಾಗಿಲು ತೆಗೆದ ಅಕ್ಕ ಅಲ್ಲಿಂದಲೇ ಕೂಗಿದಳು, "ಒಳಗೆ ಏನಾದ್ರೂ ಸತ್ತಿದೆಯೇನೇ?" ಏನೂ ಸತ್ತಿರಲಿಲ್ಲ. 150 ಗ್ರಾಂ ರೋಕ್‌ಫೋರ್ ಚೀಸ್ ಇತ್ತು, ಪಕ್ಕದಲ್ಲೇ ಹೆಚ್ಚುಕಡಿಮೆ ಅಷ್ಟೇ ತೂಕದ ಲಿಂಬರ್ಗರ್. ಎರಡನ್ನೂ ಒಂದೇ ದಿನ ತಂದಿದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ತಂದಾಗಿತ್ತು. ಯಾವುದರ ಜೊತೆ ಏನು ಸೇರುತ್ತದೆ ಅಂತ ಒಂದು ವಾರ ನೋಡಿಯೇ ಬಿಟ್ಟೆ.

ರೋಕ್‌ಫೋರ್ ಕುರಿ ಹಾಲಿನದು. ದಕ್ಷಿಣ ಫ್ರಾನ್ಸಿನ ಅದೇ ಹೆಸರಿನ ಊರಿನ ಗುಹೆಗಳಲ್ಲಿ ಮಾಗಿಸಿದ್ದಕ್ಕೆ ಮಾತ್ರ ಆ ಹೆಸರು ಇಡಬಹುದು. 1925ರಿಂದಲೇ ಅದಕ್ಕೆ ಕಾನೂನಿನ ಕಾವಲಿದೆ. ಬಿಳಿ ಮೈ ತುಂಬ ಹಸಿರು-ನೀಲಿ ಬೂಷ್ಟಿನ ಗೂಡುಗಳು. ಈ ಬೂಷ್ಟು ಹಾಲಿನ ಕೊಬ್ಬನ್ನು ಒಡೆಯುವಾಗ ಹುಟ್ಟುವ ಕೀಟೋನ್ ಎಂಬ ರಾಸಾಯನಿಕಗಳಿಂದಲೇ ಆ ಘಾಟು. ಬರೀ ಚೀಸ್ ಬಾಯಿಗೆ ಹಾಕಿಕೊಂಡರೆ ಮೊದಲು ಸಿಗೋದು ಉಪ್ಪು. ಆಮೇಲೆ ನಾಲಿಗೆ ಚುರುಚುರು ಅನ್ನುತ್ತದೆ. ಎರಡನೇ ತುಂಡಿಗೆ ಕೈ ಹೋಗಲಿಲ್ಲ.

ಜೇನುತುಪ್ಪ, ಅಕ್ರೋಟು, ಪೇರ್ ಹಣ್ಣು ಇವೆಲ್ಲ ಗೊತ್ತಿರುವ ಜೋಡಿಗಳೇ. ಚೆನ್ನಾಗಿವೆ, ಅಷ್ಟೇ. ಪೇರ್ ಬಗ್ಗೆ ಇಟಲಿಯಲ್ಲಿ ಒಂದು ಗಾದೆ ಇದೆ: ಚೀಸ್ ಜೊತೆ ಪೇರ್ ಎಷ್ಟು ರುಚಿ ಅಂತ ರೈತನಿಗೆ ಗೊತ್ತಾಗದಂತೆ ನೋಡಿಕೋ. ಗೊತ್ತಾದರೆ ಮಾರೋಕೆ ಒಂದು ಹಣ್ಣನ್ನೂ ಉಳಿಸಲ್ಲ ಅಂತ ಇರಬೇಕು!

ನನ್ನನ್ನು ಬೀಳಿಸಿದ್ದು ಶುಂಠಿ ಬಿಸ್ಕತ್ತು. ಸ್ವೀಡನ್ನಿನವರು ಕ್ರಿಸ್‌ಮಸ್ ಹೊತ್ತಿಗೆ ಶುಂಠಿ, ಲವಂಗ, ದಾಲ್ಚಿನ್ನಿ ಹಾಕಿದ ತೆಳುವಾದ ಗರಿಗರಿ ಬಿಸ್ಕತ್ತಿನ ಮೇಲೆ ರೋಕ್‌ಫೋರ್‌ನಂಥ ನೀಲಿ ಬೂಷ್ಟಿನ ಚೀಸ್ ಇಟ್ಟು ತಿನ್ನುತ್ತಾರೆ. ಮೊದಲ ದಿನ ಫ್ರಿಜ್‌ನಿಂದ ತೆಗೆದ ಕೂಡಲೇ ಸವರಲು ಹೋದೆ. ಚೀಸ್ ಪುಡಿಪುಡಿ ಉದುರಿತು, ಬಿಸ್ಕತ್ತು ಎರಡು ಹೋಳಾಯಿತು. ಮಾರನೇ ದಿನ ಒಂದು ಗಂಟೆ ಹೊರಗಿಟ್ಟೆ. ಆಗ ಚಮಚದ ಬೆನ್ನಿನಲ್ಲಿ ಒತ್ತಿದರೆ ಸಾಕು, ಬೆಣ್ಣೆಯ ಹಾಗೆ ಹರಡಿತು. ಕಡಿದಾಗ ಮೊದಲು ಬಂದಿದ್ದು ಸಕ್ಕರೆ ಮತ್ತು ಲವಂಗ. ಬಿಸ್ಕತ್ತು ಕರಗುವ ಹೊತ್ತಿಗೆ ಉಪ್ಪು. ಬೂಷ್ಟಿನ ಘಾಟು ಬಂದಿದ್ದು ತೀರಾ ಕೊನೆಗೆ. ಅಷ್ಟರಲ್ಲಿ ಶುಂಠಿಯ ಖಾರ ಗಂಟಲಲ್ಲಿ ಕೂತಿತ್ತು, ಇಬ್ಬರೂ ಅಲ್ಲೇ ರಾಜಿಯಾದರು. ಒಂದೇ ಸಲಕ್ಕೆ ಏಳು ಬಿಸ್ಕತ್ತು ತಿಂದೆ. ಹತ್ತಕ್ಕೆ ಹತ್ತು, ಯೋಚನೆಯೇ ಬೇಡ.

ಡಾರ್ಕ್ ಚಾಕೊಲೇಟ್ ಎರಡನೇ ಸ್ಥಾನಕ್ಕೆ ಬಂತು. 70 ಪರ್ಸೆಂಟ್ ಕೋಕೋ ಇರುವುದು ತೆಗೆದುಕೊಂಡೆ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಹಾಗಾಗಿ ಚೀಸ್ ಜೊತೆ ಅದೇ ಚಾಕೊಲೇಟ್ ಇನ್ನೂ ಸಿಹಿ ಅನ್ನಿಸುತ್ತದೆ. ಆದರೆ ಪ್ರಮಾಣ ನೋಡಿಕೊಳ್ಳಿ. ಉಗುರಿನಷ್ಟು ಚಾಕೊಲೇಟಿಗೆ ಬಟಾಣಿ ಕಾಳಿನಷ್ಟು ಚೀಸ್ ಸಾಕು. ಜಾಸ್ತಿ ಇಟ್ಟರೆ ಚಾಕೊಲೇಟ್ ಎಲ್ಲಿ ಹೋಯಿತು ಅಂತ ಹುಡುಕಬೇಕು.

ಕಿತ್ತಳೆ ಮಾತ್ರ ಬೇಡವೇ ಬೇಡ. ಬಾಯಲ್ಲಿ ಸೋಪು ಕರಗಿದ ಹಾಗಾಯಿತು. ಫೆಟಾ ಚೀಸ್‌ಗೆ ಅಷ್ಟು ಚೆನ್ನಾಗಿ ಒಪ್ಪುವ ಕಲ್ಲಂಗಡಿಯೂ ಇದರ ಮುಂದೆ ಬರೀ ನೀರು. ಉತ್ತರ ಫ್ರಾನ್ಸಿನಲ್ಲಿ ಮಾರ್ವಾಲ್ ಎಂಬ ಚೀಸ್ ಅನ್ನು ಬೆಳಗಿನ ಕಾಫಿಯಲ್ಲಿ ಅದ್ದಿ ತಿನ್ನುವವರಿದ್ದಾರೆ. ಅದನ್ನು ನೆನೆಸಿಕೊಂಡು ನಾನು ರೋಕ್‌ಫೋರ್ ಅದ್ದಿದೆ. ಮೇಲೆ ಜಿಡ್ಡು, ಜಿಡ್ಡಿನಲ್ಲಿ ತೇಲುವ ನೀಲಿ ಚೂರುಗಳು. ಕಾಫಿ ನೇರ ಸಿಂಕಿಗೆ ಹೋಯಿತು.

ಇನ್ನು ಲಿಂಬರ್ಗರ್. ಇದರಲ್ಲಿ ಬೂಷ್ಟಿನ ಕೆಲಸ ಇಲ್ಲ. ಹೊರಮೈಯನ್ನು ಉಪ್ಪುನೀರಿನಲ್ಲಿ ಉಜ್ಜುತ್ತಾ ಬೆಳೆಸುವ ಬ್ಯಾಕ್ಟೀರಿಯಾದ್ದೇ ವಾಸನೆ. ಅದರ ಬಳಗದವರು ನಮ್ಮ ಕಾಲ್ಬೆರಳ ಸಂದಿಯಲ್ಲೂ ಇದ್ದಾರೆ. ಮಲೇರಿಯಾ ಹರಡುವ ಒಂದು ಜಾತಿಯ ಸೊಳ್ಳೆಗೆ ಮನುಷ್ಯರ ಪಾದದ ವಾಸನೆಯೂ ಲಿಂಬರ್ಗರ್ ವಾಸನೆಯೂ ಒಂದೇ ಸಮ ಇಷ್ಟ ಅಂತ ತೋರಿಸಿದವರಿಗೆ 2006ರಲ್ಲಿ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಇದನ್ನು ಊಟದ ಮೇಜಿನಲ್ಲಿ ಹೇಳಬಾರದಿತ್ತು. ಅಕ್ಕ ತಟ್ಟೆ ಎತ್ತಿಕೊಂಡು ಆಚೆ ರೂಮಿಗೆ ಹೋದಳು.

ಮೂಗು ದಾಟಿದರೆ ಲಿಂಬರ್ಗರ್ ಪಾಪದ್ದು. ರುಚಿ ಅಷ್ಟೇನೂ ಜೋರಿಲ್ಲ. ರೈ ಬ್ರೆಡ್, ಹಸಿ ಈರುಳ್ಳಿ, ಸಾಸಿವೆ ಅದರ ಹಳೇ ಜೊತೆಗಾರರು. ಅದಕ್ಕಿಂತ ನನಗೆ ಹಿಡಿಸಿದ್ದು ಸ್ಟ್ರಾಬೆರಿ ಜಾಮ್. ಸುಟ್ಟ ಬ್ರೆಡ್ ಮೇಲೆ ಚೀಸ್, ಅದರ ಮೇಲೆ ಜಾಮ್ ತೆಳ್ಳಗೆ, ಪಕ್ಕದಲ್ಲಿ ಹಾಲಿಲ್ಲದ ಕಾಫಿ. ಅದ್ದಬೇಡಿ, ಸುಮ್ನೆ ಪಕ್ಕದಲ್ಲಿ ಇಟ್ಟುಕೊಂಡು ಗುಟುಕು ಹಾಕಿ. ಜಾಮ್ ಮೂಗನ್ನು ಮರೆಸುತ್ತದೆ, ಕಾಫಿ ಜಿಡ್ಡನ್ನು ತೊಳೆಯುತ್ತದೆ. ಒಂಬತ್ತು ಅಂಕ. ಒಂದು ಕಳೆದಿದ್ದು ಆಮೇಲೆ ಮೂರು ಸಲ ಕೈ ತೊಳೆಯಬೇಕಾಗಿದ್ದಕ್ಕೆ.

ಒಂದು ನಷ್ಟವೂ ಆಯಿತು. ಚೀಸನ್ನು ಬರೀ ಕಾಗದದಲ್ಲಿ ಸುತ್ತಿಟ್ಟಿದ್ದೆ. ಪಕ್ಕದಲ್ಲಿದ್ದ ಬೆಣ್ಣೆ ಪೂರ್ತಿ ವಾಸನೆ ಎಳೆದುಕೊಂಡಿತು. ನೀವು ಕಾಗದದಲ್ಲಿ ಸುತ್ತಿ, ಆಮೇಲೆ ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿಡಿ. ಬೆಣ್ಣೆ ಎಸೆಯಲು ಮನಸ್ಸು ಬರಲಿಲ್ಲ. ಭಾನುವಾರ ಅದರಲ್ಲೇ ಅಣಬೆ ಹುರಿದು ಕಾಳುಮೆಣಸು ಹಾಕಿದೆ. ಅಕ್ಕ ಎರಡು ಸಲ ಬಡಿಸಿಕೊಂಡಳು. "ಏನೇ ಹಾಕಿದೀಯ ಇದಕ್ಕೆ?" ಅಂದಳು.

"ಬೆಣ್ಣೆ" ಅಂದೆ.