ವಿಂಡೋಸ್ 11: ಮೈಕ್ರೋಸಾಫ್ಟ್ ಖಾತೆಯೋ, ಲೋಕಲ್ ಖಾತೆಯೋ?

ಹೊಸ ಲ್ಯಾಪ್‌ಟಾಪ್ ತೆರೆದೊಡನೆ ವಿಂಡೋಸ್ 11 ಇಂಟರ್ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ (ಇಮೇಲ್ ವಿಳಾಸದಿಂದ ತೆರೆಯುವ ಆನ್‌ಲೈನ್ ಖಾತೆ) ಕೇಳುತ್ತದೆ. ಆ ಯಂತ್ರಕ್ಕಷ್ಟೇ ಸೀಮಿತವಾದ ಲೋಕಲ್ ಖಾತೆಯ ದಾರಿಯನ್ನು ಅದು ಎದುರಿಗೆ ತೋರಿಸುವುದಿಲ್ಲ. ಗ್ರಾಹಕರ ಆಯ್ಕೆಯನ್ನು ಹೀಗೆ ಮರೆಮಾಡುವುದು ನನಗೆ ಒಪ್ಪಿಗೆಯಿಲ್ಲ.

ಆದರೂ ಮೈಕ್ರೋಸಾಫ್ಟ್ ಖಾತೆಯ ದೊಡ್ಡ ಬಲವೊಂದಿದೆ. ಅದರಿಂದ ಲಾಗಿನ್ ಆದಾಗ ಅನೇಕ ಹೊಸ ಲ್ಯಾಪ್‌ಟಾಪ್‌ಗಳ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ (ಬೇರೆಯವರು ಓದಲಾಗದ ಗೂಢರೂಪಕ್ಕೆ ಬದಲಾಗುತ್ತದೆ), ಅದನ್ನು ಬಿಡಿಸುವ 48 ಅಂಕಿಗಳ ರಿಕವರಿ ಕೀ ಖಾತೆಯಲ್ಲಿ ಉಳಿಯುತ್ತದೆ. ಲ್ಯಾಪ್‌ಟಾಪ್ ಕಳುವಾದರೂ ಕಳ್ಳನಿಗೆ ಕಡತಗಳು ಸುಲಭವಾಗಿ ಸಿಗುವುದಿಲ್ಲ. ಪಾಸ್‌ವರ್ಡ್ ಮರೆತರೆ ಫೋನಿನಿಂದಲೇ ಬದಲಿಸಬಹುದು. ಆದರೆ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಡೆಸ್ಕ್‌ಟಾಪ್ ಕಡತಗಳ ಬ್ಯಾಕಪ್ ಚಾಲೂ ಆಗಿದ್ದರೆ ಅದು ಬೇಗ ತುಂಬುತ್ತದೆ.

ಲೋಕಲ್ ಖಾತೆಯಲ್ಲಿ ಹೆಸರು, ಪಾಸ್‌ವರ್ಡ್ ಎರಡೂ ಆ ಯಂತ್ರದಲ್ಲೇ ಇರುತ್ತವೆ. ಲಾಗಿನ್‌ಗೆ ನೆಟ್‌ವರ್ಕ್ ಬೇಡ, ಇಮೇಲ್ ವಿಳಾಸವೂ ಬೇಡ. ಪಾಸ್‌ವರ್ಡ್ ಮರೆತರೆ ಮೊದಲೇ ಕೊಟ್ಟ ಮೂರು ಭದ್ರತಾ ಪ್ರಶ್ನೆಗಳೇ ಮುಖ್ಯ ಆಸರೆ. ಬ್ಯಾಕಪ್ ನಿಮ್ಮದೇ ಹೊಣೆ.

ಹೊತ್ತು ತಿರುಗುವ ಲ್ಯಾಪ್‌ಟಾಪ್‌ಗೆ ಮೈಕ್ರೋಸಾಫ್ಟ್ ಖಾತೆಯನ್ನೇ ಆರಿಸಿ. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿಗೆ, ಹಲವರು ಬಳಸುವ ಗ್ರಂಥಾಲಯದ ಯಂತ್ರಕ್ಕೆ ಲೋಕಲ್ ಖಾತೆಯೇ ಸರಿ. ಒಬ್ಬರ ಖಾಸಗಿ ಇಮೇಲ್ ಅಲ್ಲಿ ಇರಲೇಬಾರದು. ಮುಂದೆ ಮನಸ್ಸು ಬದಲಾದರೆ ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ಖಾತೆಯನ್ನು ಬದಲಿಸಬಹುದು. ಅದಕ್ಕೂ ಮೊದಲು ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.